ಮನೆಯಲ್ಲಿ ಜನ ಇರುವಾಗಲೇ ಮನೆ ಮಾರುವುದು

ಪ್ರಶ್ನೆ: ನವಿ ಮುಂಬಯಿಯ ರಬಾಳೆ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿ ಈಗ ಕಾರ್ಕಳದಲ್ಲಿದ್ದೇನೆ. ರಬಾಳೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ, ಸಿಡ್ಕೋ (ನಗರಾಭಿವೃದ್ಧಿ ನಿಗಮ) ಜಾಗದ ಸೊಸೈಟಿಯಲ್ಲಿ ನನ್ನದೊಂದು ಮನೆಯಿದೆ. ಗಂಡ, ಹೆಂಡತಿ, ಹತ್ತನೆಯ ತರಗತಿಯ ಮಗಳು ಇರುವ ಕುಟುಂಬ ಬಾಡಿಗೆಗಿದೆ. 33 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿಯಾಗಿದೆ, ಇನ್ನೂ 14 ತಿಂಗಳು ಉಳಿದಿದೆ. ಬಾಡಿಗೆ 21,000, ಡೆಪಾಸಿಟ್ 75,000. ಈಗ ಮನೆ ಮಾರಬೇಕಾಗಿದೆ. ಮೊದಲು ಖಾಲಿ ಮಾಡಿಸಿ ಅನ್ನುತ್ತಾನೆ ಏಜೆಂಟ್. ಕರಾರು ಮುಗಿಯುವ ತನಕ ಮಾರಲಿಕ್ಕೇ ಬರುವುದಿಲ್ಲ ಅನ್ನುತ್ತಾರೆ ಭಾವ. ಯಾರ ಮಾತು ಸರಿ? ನನ್ನ ತಮ್ಮನದೂ ಒಂದು ಖೋಲಿ ಗೋಠಿವಲಿ ಗಾಂವ್‌ಠಾಣದಲ್ಲಿದೆ, ಹೆವಿ ಡೆಪಾಸಿಟ್ ಮೇಲೆ ಕೊಟ್ಟಿದ್ದಾನೆ. ಅದನ್ನು ಮಾರಬಹುದೇ? ಬಾಡಿಗೆಗೆ ಕೊಟ್ಟ ಮನೆ ಮಾರಿದರೆ ತೆರಿಗೆ ಹೆಚ್ಚೇ?
ಹೆಸರು ಬೇಡ, ಕಾರ್ಕಳ

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಬಾಡಿಗೆಯವರು ಒಳಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಮನೆ ಮಾರದಂತೆ ತಡೆಯುವ ಕಾನೂನಿಲ್ಲ. ಮುಂಬಯಿಯಲ್ಲಿ ಬಾಡಿಗೆಯವರು ತುಂಬಿರುವ ಇಡೀ ಕಟ್ಟಡಗಳೇ ಕೈಬದಲಾಗುತ್ತವೆ. ಏಜೆಂಟ್ ಹೇಳಿದ್ದು ಅವನ ಅನುಕೂಲದ ಮಾತು: ಖಾಲಿ ಮನೆಯಾದರೆ ಬೀಗದ ಕೈ ಅವನ ಜೇಬಿನಲ್ಲಿರುತ್ತದೆ, ಬೇಕೆಂದಾಗ ಬೇಕಾದವರಿಗೆ ತೋರಿಸಬಹುದು. ಭಾವ ಹೇಳಿದ್ದರಲ್ಲಿ ಸ್ವಲ್ಪ ಹುರುಳಿದೆ, ಆದರೆ ಅದು ಊರಿನ ಲೆಕ್ಕ. ಅಲ್ಲಿಂದಲೇ ಶುರುಮಾಡೋಣ.

ಕರ್ನಾಟಕದಲ್ಲಿ ನಾವು ಸಾಮಾನ್ಯವಾಗಿ ಮಾಡಿಕೊಳ್ಳುವುದು ಬಾಡಿಗೆ ಕರಾರು. ಬಾಡಿಗೆ ಎಂದರೆ ಕಾನೂನಿನ ಕಣ್ಣಿಗೆ ಮನೆಯ ಮೇಲೆ ಒಂದು ಹಕ್ಕು ಹುಟ್ಟಿತು ಎಂದೇ ಅರ್ಥ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ ಅಂಥ ಮನೆ ಕೊಂಡವನು ಹಳೆಯ ಮಾಲೀಕನ ಜಾಗದಲ್ಲಿ ಬಂದು ಕೂರುತ್ತಾನೆ. ಬಾಡಿಗೆ ವಸೂಲಿ ಮಾಡುವ ಹಕ್ಕೂ ಅವನದೇ, ಕರಾರಿನ ಅವಧಿಯನ್ನು ಪಾಲಿಸುವ ಹೊಣೆಯೂ ಅವನದೇ. ಬೆಂಗಳೂರಿನಲ್ಲಿ ಲೀಸ್ ಅಥವಾ ಭೋಗ್ಯ ಎಂದು ಲಕ್ಷಗಟ್ಟಲೆ ಕೊಟ್ಟು ಕೂತವರು ಇರುವ ಮನೆ ಕೊಳ್ಳುವವರು ಎರಡೆರಡು ಸಲ ಯೋಚಿಸುವುದು ಇದಕ್ಕೇ. ಭಾವನ ಭಯದ ಮೂಲವೂ ಇದೇ ಇರಬೇಕು.

ನಿಮ್ಮದು ಬಾಡಿಗೆ ಕರಾರಲ್ಲ, ಲೀವ್ ಅಂಡ್ ಲೈಸೆನ್ಸ್. ಮಾತಿನಲ್ಲಿ ನಾವೆಲ್ಲ ‘ಬಾಡಿಗೆಯವರು’ ಎಂದೇ ಹೇಳುತ್ತೇವೆ, ಈ ಉತ್ತರದಲ್ಲಿ ನಾನೂ ಹಾಗೇ ಹೇಳುತ್ತೇನೆ. ಆದರೆ ಕಾಗದದಲ್ಲಿ ಅವರು ಅನುಮತಿಯ ಮೇಲೆ ವಾಸವಿರುವವರು. ಮನೆಯ ಮೇಲೆ ಅವರಿಗೆ ಹಕ್ಕಿಲ್ಲ, ಇರಲು ಒಪ್ಪಿಗೆ ಇದೆ ಅಷ್ಟೆ. ಈ ವ್ಯವಸ್ಥೆ ಬರುವುದು 1882ರದೇ ಇನ್ನೊಂದು ಕಾನೂನಿನಿಂದ, ಈಸ್‌ಮೆಂಟ್ಸ್ ಆಕ್ಟ್‌ನಿಂದ. ಅದರ 59ನೇ ಕಲಮು ಚಿಕ್ಕದು, ನೇರವಾದದ್ದು: ಅನುಮತಿ ಕೊಟ್ಟವನು ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸಿದರೆ, ಕೊಂಡವನು ಆ ಅನುಮತಿಗೆ ಬದ್ಧನಲ್ಲ. ಅಂದರೆ ನಿಮ್ಮ ಮನೆ ಕೊಂಡವರು ಉಳಿದ ತಿಂಗಳುಗಳನ್ನು ನಡೆಸಿಕೊಡಲೇಬೇಕು ಎಂದಿಲ್ಲ.

ಇಷ್ಟು ಓದಿ ಸಮಾಧಾನದ ಉಸಿರು ಬಿಡಬೇಡಿ. ಅದೇ ಕಾನೂನಿನ 64ನೇ ಕಲಮು ನಿಮ್ಮ ಕಡೆಗೆ ಬೆರಳು ತೋರಿಸುತ್ತದೆ. ದುಡ್ಡು ಕೊಟ್ಟು ಅನುಮತಿ ಪಡೆದವರನ್ನು, ಅವರದೇನೂ ತಪ್ಪಿಲ್ಲದೆ, ಅವಧಿಗೆ ಮೊದಲೇ ನೀವು ಹೊರಗೆ ಹಾಕಿದರೆ ಅವರು ನಿಮ್ಮಿಂದ ಪರಿಹಾರ ಕೇಳಬಹುದು. 63ನೇ ಕಲಮಿನಂತೆ, ಅನುಮತಿ ಹಿಂತೆಗೆದುಕೊಂಡರೂ ಸಾಮಾನು ಸಾಗಿಸಿ ಹೊರಡಲು ಅವರಿಗೆ ಸಾಕಷ್ಟು ಸಮಯ ಕೊಡಲೇಬೇಕು. ಕೊಂಡವನಿಗೆ ಹಗುರಾದ ಭಾರ ಮಾರಿದವನ ತಲೆಗೆ ಬರುತ್ತದೆ.

ಆದ್ದರಿಂದ ಕರಾರಿನ ಪ್ರತಿ ತೆಗೆದು ಎರಡು ಷರತ್ತು ಓದಿ. ಒಂದು, ಲಾಕ್-ಇನ್ ಎಂದು ಎಷ್ಟು ತಿಂಗಳು ಬರೆದಿದೆ, ಅದು ಮುಗಿದಿದೆಯೇ. ಇನ್ನೊಂದು, ಅದು ಮುಗಿದ ಮೇಲೆ ನೋಟಿಸ್ ಕೊಟ್ಟು ಕರಾರು ರದ್ದು ಮಾಡುವ ಅವಕಾಶ ಇಬ್ಬರಿಗೂ ಇದೆಯೇ, ಬಾಡಿಗೆಯವರಿಗೆ ಮಾತ್ರವೇ. ಅಚ್ಚು ಹಾಕಿದಂತೆ ಬರುವ ಕರಾರುಗಳಲ್ಲಿ ಒಂದು ತಿಂಗಳ ನೋಟಿಸ್ ಎರಡೂ ಕಡೆಗೆ ಇರುವುದು ಸಾಮಾನ್ಯ. ಎಲ್ಲದರಲ್ಲೂ ಇರುವುದಿಲ್ಲ. 33 ತಿಂಗಳಲ್ಲಿ 19 ಕಳೆದಿರುವುದರಿಂದ ನಿಮ್ಮ ಲಾಕ್-ಇನ್ ಬಹುಶಃ ಮುಗಿದಿದೆ. ನೋಟಿಸಿನ ಷರತ್ತು ನಿಮಗೂ ಇದ್ದರೆ ಪರಿಹಾರದ ಮಾತು ಅಲ್ಲಿಗೆ ನಿಂತಿತು. ಇಲ್ಲದಿದ್ದರೆ ಮಾತುಕತೆಯೇ ದಾರಿ. ಒಂದೆರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಸಾಗಾಟದ ಖರ್ಚು ಹೊತ್ತುಕೊಳ್ಳುವುದು ವಕೀಲರ ಫೀಸಿಗಿಂತ ಅಗ್ಗ.

ನಿಮ್ಮ ಕರಾರು ನೋಂದಣಿಯಾಗಿರುವುದು ದೊಡ್ಡ ಬಲ. ಊರಿನಿಂದ ಬಂದ ನಮ್ಮವರಿಗೆ 11 ತಿಂಗಳ ಚಾಳಿ ಬಿಡುವುದಿಲ್ಲ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ ಹುಟ್ಟಿದ ಉಪಾಯ ಅದು. ಮಹಾರಾಷ್ಟ್ರದಲ್ಲಿ ಆ ಉಪಾಯ ನಡೆಯುವುದಿಲ್ಲ. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು, ಅವಧಿ ಎಷ್ಟೇ ಇರಲಿ, ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ಮಾಡಿಸುವ ಹೊಣೆ ಮಾಲೀಕನದು ಎನ್ನುತ್ತದೆ. ಮಾಡಿಸದಿದ್ದರೆ ಮೂರು ತಿಂಗಳ ತನಕ ಸಜೆ, 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಅದಕ್ಕಿಂತ ಬಿಸಿ ತಟ್ಟುವ ಮಾತು ಇನ್ನೊಂದು: ಷರತ್ತುಗಳೇನಿದ್ದವು ಎಂದು ಬಾಡಿಗೆಯವರು ಹೇಳಿದ್ದೇ ನಡೆಯುತ್ತದೆ, ಸುಳ್ಳೆಂದು ಸಾಬೀತು ಮಾಡುವುದು ಮಾಲೀಕನ ಪಾಡು.

ಕರಾರು ಸರಿಯಿದ್ದು, ಅವಧಿ ಮುಗಿದರೂ ಅವರು ಹೊರಡದಿದ್ದರೆ ಇದೇ ಕಾಯ್ದೆಯ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅವಧಿ ಮುಗಿದ ದಿನದಿಂದ ಬಾಡಿಗೆಯ ಎರಡು ಪಟ್ಟು ದರದಲ್ಲಿ ನಷ್ಟ ಕೇಳಲು ಬರುತ್ತದೆ. ಹಾಗೇನಾದರೂ ಆಗುವ ಲಕ್ಷಣ ಕಂಡರೆ, ಆ ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗಿ ಇತ್ಯರ್ಥವಾದ ಮೇಲೆಯೇ ಮನೆ ಮಾರುವುದು ಸಲೀಸು ಎಂದು ನನ್ನ ಅಭಿಪ್ರಾಯ. ವ್ಯಾಜ್ಯ ಸಮೇತ ಮನೆ ಕೊಳ್ಳುವವರು ಬೆಲೆಯಲ್ಲಿ ಎಷ್ಟು ಕೊಯ್ಯುತ್ತಾರೆಂದು ಹೇಳಲಾಗದು. ನಲ್ಲಿ ನಿಲ್ಲಿಸುವುದು, ಕರೆಂಟು ತೆಗೆಸುವುದು, ಬಾಗಿಲಿಗೆ ಇನ್ನೊಂದು ಬೀಗ ಹಾಕುವುದು ಮಾತ್ರ ಬೇಡ. ಮೊದಲಿನವೆರಡು ಅದೇ ಕಾಯ್ದೆಯ 29ನೇ ಕಲಮಿನಡಿ ಅಪರಾಧ. ಬಲವಂತವಾಗಿ ಹೊರಗೆ ಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಒಳಗೆ ಬರಬಹುದು, ಮನೆ ಯಾರದ್ದೆಂಬ ಪ್ರಶ್ನೆಯನ್ನೇ ಕೋರ್ಟು ಅಲ್ಲಿ ಎತ್ತುವುದಿಲ್ಲ.

ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿ ಬರಲಾರದು. ಮಾಡಬೇಕಾದ ಮೊದಲ ಕೆಲಸ ಸುಲಭದ್ದು, ಹೆಚ್ಚಿನವರು ಮಾಡದೇ ಬಿಡುವಂಥದ್ದು. ಏಜೆಂಟಿಗೆ ಫೋನ್ ಮಾಡುವ ಮೊದಲು ಬಾಡಿಗೆಯವರಿಗೆ ಮಾಡಿ. ಮನೆ ಮಾರಾಟಕ್ಕಿದೆ ಎಂದು ಸೊಸೈಟಿಯ ವಾಚ್‌ಮನ್ ಬಾಯಿಂದ ಕೇಳಿದ ಕುಟುಂಬ ನಿಮಗೆ ಯಾಕೆ ಸಹಕರಿಸಬೇಕು? ‘ನೀವೇ ಕೊಳ್ಳುತ್ತೀರಾ’ ಎಂದು ಅವರನ್ನೇ ಮೊದಲು ಕೇಳುವುದು ಇನ್ನೂ ಒಳ್ಳೆಯದು. ಕರಾರಿನಲ್ಲಿ ಬರೆದಿಲ್ಲದಿದ್ದರೆ, ಮೊದಲು ತಮಗೇ ಮಾರಬೇಕು ಎಂದು ಕೇಳುವ ಹಕ್ಕು ಅವರಿಗಿಲ್ಲ, ನಿಜ. ಆದರೆ ಐರೋಳಿಯ ಮೈಂಡ್‌ಸ್ಪೇಸ್‌ನಲ್ಲೋ ಘನ್ಸೋಲಿಯಲ್ಲೋ ಕೆಲಸವಿದ್ದು, ಮಗಳನ್ನು ಹತ್ತಿರದ ಶಾಲೆಗೆ ಸೇರಿಸಿದವರಿಗೆ ಆ ಮನೆಯ ಬೆಲೆ ಬೇರೆ ಯಾರಿಗಿಂತಲೂ ಹೆಚ್ಚು. ಯಾವ ಗೋಡೆಗೆ ಮಳೆಗಾಲದಲ್ಲಿ ತೇವ ಬರುತ್ತದೆ, ಎಷ್ಟು ಗಂಟೆಗೆ ನೀರು ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿದೆ, ನೀವು ಹೊಗಳಬೇಕಾಗಿಲ್ಲ. ಅವರೇ ಕೊಂಡರೆ ಖಾಲಿ ಮಾಡಿಸುವುದೂ ಇಲ್ಲ, ಡೆಪಾಸಿಟ್ ಬೆಲೆಯಲ್ಲೇ ವಜಾ, ದಲಾಲಿಯೂ ಉಳಿಯಿತು.

ಅವರಿಗೆ ಬೇಡವಾದರೆ ಹೊರಗಿನ ಗಿರಾಕಿ. ಅದರಲ್ಲಿ ಎರಡು ಬಗೆ. ತಾವೇ ವಾಸಕ್ಕೆ ಬರುವವರು, ಬ್ಯಾಂಕಿನ ಸಾಲ ತೆಗೆಯುವವರು, ಖಾಲಿ ಮನೆಯೇ ಬೇಕೆನ್ನುತ್ತಾರೆ. ಬಾಡಿಗೆಯ ಆದಾಯಕ್ಕೆಂದೇ ಕೊಳ್ಳುವವರಿಗೆ ಒಳಗೆ ಒಳ್ಳೆಯ ಕುಟುಂಬ ಇರುವುದೇ ಲಾಭ. ನೋಂದಣಿಯ ಮರುದಿನದಿಂದ ಬಾಡಿಗೆ ಶುರು. ಠಾಣೆ–ಬೇಲಾಪುರ ರಸ್ತೆಯ ಪೂರ್ವಕ್ಕೆ ಕಾರ್ಖಾನೆ, ಪಶ್ಚಿಮಕ್ಕೆ ವಸತಿ, ನಡುವೆ ಟ್ರಾನ್ಸ್ ಹಾರ್ಬರ್ ರೈಲು ಇರುವ ರಬಾಳೆಯಲ್ಲಿ ಬಾಡಿಗೆಗೆ ಜನ ಸಿಗುವುದು ಕಷ್ಟವಲ್ಲ, ಹಾಗಾಗಿ ಎರಡನೆಯ ಬಗೆಯವರೂ ಸಿಗುತ್ತಾರೆ. ಚೌಕಾಸಿಯಲ್ಲಿ ಅವರು ಗಟ್ಟಿ ಎಂಬುದಷ್ಟೇ ತೊಂದರೆ.

ಮನೆ ತೋರಿಸುವ ವಿಷಯ. ಬಾಡಿಗೆ ಕಾಯ್ದೆಯ 28ನೇ ಕಲಮು, ಮೊದಲೇ ತಿಳಿಸಿ ಯೋಗ್ಯ ಸಮಯದಲ್ಲಿ ಮನೆ ಪರಿಶೀಲಿಸುವ ಹಕ್ಕನ್ನು ಮಾಲೀಕನಿಗೆ ಕೊಟ್ಟಿದೆ. ಕಾನೂನಿನ ಹಕ್ಕು ಇದೆಯೆಂದು ದಿನಕ್ಕೆ ನಾಲ್ಕು ಜನರನ್ನು ನುಗ್ಗಿಸುವುದಲ್ಲ. ಭಾನುವಾರ ಹನ್ನೊಂದು ಗಂಟೆಗೆ ಏಜೆಂಟ್ ಬೆಲ್ ಮಾಡುತ್ತಾನೆ, ಹಿಂದೆ ಆರು ಜನ. ಬಾಗಿಲ ಬಳಿ ಚಪ್ಪಲಿಯ ರಾಶಿ. ಒಬ್ಬರು ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡುತ್ತಾರೆ, ಇನ್ನೊಬ್ಬರು ಅಡುಗೆಮನೆಯ ಕಟ್ಟೆಯ ಕೆಳಗಿನ ಬಾಗಿಲು ತೆಗೆಯುತ್ತಾರೆ. ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡು ಕೂತ ಹುಡುಗಿ ಎದ್ದು ಬಾಲ್ಕನಿಗೆ ಹೋಗುತ್ತಾಳೆ. ಮನೆಯಾಕೆ ಕುಕ್ಕರಿನ ಮುಂದೆ ನಿಂತು ‘ಸೋರಿಕೆ ಉಂಟಾ’ ಎಂಬ ಪ್ರಶ್ನೆಗೆ ಏನು ಉತ್ತರ ಕೊಡುತ್ತಾರೋ ಅದರ ಮೇಲೆ ನಿಮ್ಮ ವ್ಯಾಪಾರ ನಿಂತಿದೆ. ವಾರಕ್ಕೊಂದು ದಿನ, ಗೊತ್ತಾದ ಒಂದು ಗಂಟೆ ಎಂದು ಅವರೊಡನೆ ನಿಗದಿ ಮಾಡಿಕೊಳ್ಳಿ. ಆ ತೊಂದರೆಗೆಂದು ಬಾಡಿಗೆಯಲ್ಲಿ ಸ್ವಲ್ಪ ಇಳಿಸಿಕೊಟ್ಟರೂ ನಷ್ಟವಿಲ್ಲ. ಸೋರಿಕೆ ನಿಜವಾಗಿ ಇದ್ದರೆ ನೀವೇ ಹೇಳಿಬಿಡಿ. ಕೊಳ್ಳುವವನ ಕಣ್ಣಿಗೆ ಸುಲಭವಾಗಿ ಬೀಳದ, ನಿಮಗೆ ಗೊತ್ತಿರುವ ದೋಷವನ್ನು ತಿಳಿಸುವುದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ ಮಾರುವವನ ಕರ್ತವ್ಯ.

ಹುಡುಗಿ ಹತ್ತನೆಯ ತರಗತಿ ಎಂದಿರಿ. ಇದು ನಿಮಗೆ ಅಡ್ಡಿಯಲ್ಲ, ವೇಳಾಪಟ್ಟಿ. ಸಿಡ್ಕೋ ಜಾಗದ ಮನೆಗಳು ಸಾಮಾನ್ಯವಾಗಿ 60 ವರ್ಷದ ಗುತ್ತಿಗೆಯ ಭೂಮಿಯ ಮೇಲಿರುವಂಥವು. ಮಾರಾಟವೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ. ಸಿಡ್ಕೋದ ವರ್ಗಾವಣೆ ಅನುಮತಿ, ಅದರ ಶುಲ್ಕ, ಸೊಸೈಟಿಯ ಬಾಕಿ ಇಲ್ಲದ ಪತ್ರ, ಶೇರ್ ಸರ್ಟಿಫಿಕೇಟು, ನಗರಪಾಲಿಕೆಯ ತೆರಿಗೆ ರಸೀದಿ, ಕೊಳ್ಳುವವರ ಬ್ಯಾಂಕಿನ ವಕೀಲರ ವರದಿ ಎಲ್ಲ ಕೂಡಿ ಬರಲು ತಿಂಗಳುಗಳೇ ಹಿಡಿಯಬಹುದು. ಮಾರಾಟದ ಕರಾರು ಈಗ ನೋಂದಾಯಿಸಿ, ಮನೆ ಬಿಟ್ಟುಕೊಡುವುದು ಪರೀಕ್ಷೆ ಮುಗಿದ ಮೇಲೆ ಎಂದು ತಾರೀಖು ಬರೆದುಕೊಂಡರೆ ಮೂರೂ ಮನೆಯವರಿಗೆ ಸರಿಹೋಗುತ್ತದೆ. ಮನೆ ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ನಿಮ್ಮಿಂದ ವಸೂಲಿ ಮಾಡುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇಕಡಾ 10 ಮೀರುವಂತಿಲ್ಲ, ವರ್ಗಾವಣೆ ಪ್ರೀಮಿಯಂ ನಗರಪಾಲಿಕೆ ವ್ಯಾಪ್ತಿಯಲ್ಲಿ 25,000 ರೂಪಾಯಿ ಮೀರುವಂತಿಲ್ಲ. 2001ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಹಾಕಿದ ಮಿತಿ ಇವು. ‘ಕಟ್ಟಡದ ನಿಧಿಗೆ ಪ್ರೀತಿಯಿಂದ’ ಎಂದು ಯಾರಾದರೂ ಹೆಚ್ಚಿಗೆ ಕೇಳಿದರೆ ಪ್ರೀತಿ ಎಷ್ಟೆಂದು ನೀವೇ ತೀರ್ಮಾನಿಸಿ.

ಬಾಡಿಗೆಯವರು ಹೊಸ ಮಾಲೀಕರಡಿ ಮುಂದುವರಿಯುವುದಾದರೆ ಮಾರಾಟದ ಪತ್ರದಲ್ಲಿ ಮೂರು ವಿಷಯ ಬಾಯಿಮಾತಿನಲ್ಲಿ ಉಳಿಯಬಾರದು. ಮನೆಯಲ್ಲಿ ಜನ ಇದ್ದಾರೆ, ಇಂಥ ಕರಾರಿನ ಮೇಲೆ ಇದ್ದಾರೆ ಎಂಬುದು ಒಂದು. ಕಾನೂನು ಹೇಗೂ ಕೊಳ್ಳುವವನಿಗೆ ಇದು ತಿಳಿದಿದೆ ಎಂದೇ ಭಾವಿಸುತ್ತದೆ. ಮನೆಯಲ್ಲಿ ಇನ್ಯಾರೋ ವಾಸವಿದ್ದರೆ ಅವರ ಹಕ್ಕೇನು ಎಂದು ವಿಚಾರಿಸಿಕೊಳ್ಳಬೇಕಾದವನು ಅವನೇ. ಆದರೂ ಬರೆದಿಡಿ. ಎರಡನೆಯದು ಆ ತಿಂಗಳ ಬಾಡಿಗೆ. ಜೂನ್ 18ರಂದು ಮನೆ ಅವರ ಹೆಸರಿಗೆ ಹೋಯಿತೆನ್ನಿ. ಬಾಡಿಗೆ ದಿನಲೆಕ್ಕದಲ್ಲಿ ಹಂಚಿಕೆಯಾಗಬೇಕು, ದಿನಕ್ಕೆ 700. ಮೊದಲ 17 ದಿನದ 11,900 ನಿಮಗೆ, ಉಳಿದ 13 ದಿನದ 9,100 ಅವರಿಗೆ. ಹಿಂದಿನ ಬಾಕಿ ಇದ್ದರೆ ಅದು ನಿಮ್ಮದೇ, ಮನೆಯ ಜೊತೆ ಹೋಗುವುದಿಲ್ಲ.

ಮೂರನೆಯದೇ ಜಗಳದ ಬೇರು: ಡೆಪಾಸಿಟ್. ನಿಮ್ಮ ಕೈಗೆ ಬಂದ 75,000 ನಿಮ್ಮ ಸಾಲ. ಹೊಸಬರು ಕೊಡುತ್ತಾರೆಂದು ನೀವು, ಹಳಬರು ಕೊಡಲೆಂದು ಅವರು, ನಡುವೆ ಬಾಡಿಗೆಯವರು ಎರಡು ಊರಿಗೆ ಫೋನ್ ಮಾಡುತ್ತಾ ಕೂರುವಂತಾಗಬಾರದು. ಒಂದೋ ನೀವೇ ಅವರಿಗೆ ಹಿಂತಿರುಗಿಸಿ ರಸೀದಿ ಪಡೆಯಿರಿ, ಇಲ್ಲವೇ ಮಾರಾಟದ ಪೂರ್ತಿ ಬೆಲೆಯನ್ನು ಪತ್ರದಲ್ಲಿ ತೋರಿಸಿಯೇ, ಅದರಲ್ಲಿ ಇಷ್ಟನ್ನು ಡೆಪಾಸಿಟ್ ಲೆಕ್ಕಕ್ಕೆ ಹೊಸ ಮಾಲೀಕರು ಹಿಡಿದುಕೊಂಡಿದ್ದಾರೆ ಎಂದು ಬರೆಸಿ, ಬಾಡಿಗೆಯವರ ಸಹಿ ಹಾಕಿಸಿ. ಇಂದಿನಿಂದ ಬಾಡಿಗೆ ಇವರಿಗೆ ಕೊಡಿ ಎಂಬ ಒಂದು ಪುಟದ ಪತ್ರವೂ ಅದೇ ದಿನ ಕೊಡಿ. ಮಾರಾಟದ ಸುದ್ದಿ ತಿಳಿಯದೆ ಅವರು ನಿಮ್ಮ ಖಾತೆಗೇ ಬಾಡಿಗೆ ಹಾಕಿದರೆ ಎರಡನೆಯ ಸಲ ಕೊಡಬೇಕಾಗಿಲ್ಲ. ಆಮೇಲೆ ಅದನ್ನು ಹಿಂದಿರುಗಿಸುವ ತಲೆನೋವು ನಿಮ್ಮದು. ಹೊಸಬರು ಹಳೆಯ ಕರಾರಿಗೆ ಬದ್ಧರಲ್ಲ ಎಂದೆನಲ್ಲ, ಹಾಗಾಗಿ ಬಾಡಿಗೆಯವರು ನೆಮ್ಮದಿಯಿಂದಿರಬೇಕಾದರೆ ಹೊಸ ಲೀವ್ ಅಂಡ್ ಲೈಸೆನ್ಸ್ ಆಗಬೇಕು. ಮುದ್ರಾಂಕ ಶುಲ್ಕ ಒಟ್ಟು ಮೊತ್ತದ ಕಾಲು ಶೇಕಡಾ. ಇದೇ ಬಾಡಿಗೆಗೆ ಎರಡು ವರ್ಷಕ್ಕೆ ಸುಮಾರು 1,300 ರೂಪಾಯಿ, ನೋಂದಣಿ ಶುಲ್ಕ ಬೇರೆ. ಯಾರು ಕೊಡಬೇಕೆಂದು ಇಷ್ಟಕ್ಕೆ ಜಗಳವಾಡುವವರನ್ನೂ ಕಂಡಿದ್ದೇನೆ.

ತಮ್ಮನ ಖೋಲಿಯ ವಿಷಯ ಬೇರೆಯೇ. ಗೋಠಿವಲಿ, ತಳವಲಿ, ರಬಾಳೆ ಗಾಂವ್‌ಠಾಣಗಳ (ಮೂಲ ಹಳ್ಳಿಗಳ) ಕಿರಿದಾದ ಗಲ್ಲಿಗಳಲ್ಲಿ ಎದ್ದಿರುವ ಎಷ್ಟೋ ಕಟ್ಟಡಗಳಿಗೆ ವಾಸಯೋಗ್ಯ ಪ್ರಮಾಣಪತ್ರವೇ ಇಲ್ಲ, ಮಾಲೀಕತ್ವ ಎಂದರೆ ನೋಟರಿ ಮಾಡಿಸಿದ ಒಂದು ಕಾಗದ ಅಷ್ಟೆ. ಅಂಥ ಕಾಗದವನ್ನೂ ಪವರ್ ಆಫ್ ಅಟಾರ್ನಿಯನ್ನೂ ಕೈಯಿಂದ ಕೈಗೆ ದಾಟಿಸಿದರೆ ಆಸ್ತಿ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಪಕ್ಕದ ದಿಘೆಯಲ್ಲಿ 2015ರಲ್ಲಿ ಬಾಂಬೆ ಹೈಕೋರ್ಟಿನ ಆದೇಶದಂತೆ ಅನಧಿಕೃತ ಕಟ್ಟಡಗಳ ಮೇಲೆ ಕ್ರಮ ಶುರುವಾದಾಗ ಬೀದಿಗೆ ಬಿದ್ದದ್ದು ಕಟ್ಟಿ ಮಾರಿ ಹೋದವರಲ್ಲ, ಒಳಗಿದ್ದವರು. ತಮ್ಮನ ಕಟ್ಟಡ ಯಾವ ಬಗೆಯದು ಎಂಬುದು ಮೊದಲ ಪ್ರಶ್ನೆ. ಭೂಮಿ ಕಳೆದುಕೊಂಡವರಿಗೆ ಶೇಕಡಾ 12.5 ಯೋಜನೆಯಲ್ಲಿ ಸಿಡ್ಕೋ ಕೊಟ್ಟ ನಿವೇಶನದ ಮೇಲೆ ಪರವಾನಗಿ ಪಡೆದು ಕಟ್ಟಿದ್ದಾದರೆ ಚಿಂತೆ ಅಷ್ಟಿಲ್ಲ.

ಎರಡನೆಯ ಪ್ರಶ್ನೆ ಹೆವಿ ಡೆಪಾಸಿಟ್. ತಿಂಗಳ ಬಾಡಿಗೆ ಇಲ್ಲ ಅಥವಾ ಹೆಸರಿಗಷ್ಟೇ, ಬದಲಿಗೆ ಕೆಲವು ಲಕ್ಷ ಕೈಗೆ. ಹೊರಡುವಾಗ ಅಷ್ಟೂ ವಾಪಸು. ಬೆಂಗಳೂರಿನ ಭೋಗ್ಯದ ಮುಂಬಯಿ ತಮ್ಮ ಇದು. ಇದೇನೂ ಅಕ್ರಮವಲ್ಲ, ಡೆಪಾಸಿಟಿನ ಮೇಲೆ ವರ್ಷಕ್ಕೆ ಶೇಕಡಾ 10 ಬಡ್ಡಿ ಬಂತೆಂದು ಲೆಕ್ಕ ಹಿಡಿದು ಸರಕಾರ ಮುದ್ರಾಂಕ ಶುಲ್ಕವನ್ನೂ ತೆಗೆದುಕೊಳ್ಳುತ್ತದೆ. ಆದರೆ ಗಾಂವ್‌ಠಾಣದಲ್ಲಿ ನೋಂದಣಿಗೆ ಹೋಗುವವರು ಕಡಿಮೆ, ಪಡೆದ ದುಡ್ಡು ಉಳಿಸಿಟ್ಟವರು ಇನ್ನೂ ಕಡಿಮೆ. ಆ ಹಣ ಊರಿನ ಮನೆಯ ಸ್ಲ್ಯಾಬಿಗೋ ಮದುವೆಗೋ ಆಗಿಹೋಗಿರುತ್ತದೆ. ಆಗ ಕೊಳ್ಳುವವನು ಕೊಡುವ ಹಣದಲ್ಲೇ ಬಾಡಿಗೆಯವರನ್ನು ತೀರಿಸಬೇಕು. ಬಾಡಿಗೆಯವರು ದುಡ್ಡು ಕಾಣದೆ ಎದ್ದೇಳುವುದಿಲ್ಲ, ಕೊಳ್ಳುವವನು ಮನೆ ಖಾಲಿಯಾಗದೆ ದುಡ್ಡು ಬಿಚ್ಚುವುದಿಲ್ಲ.

ಇದಕ್ಕೆ ಇರುವ ಮದ್ದು ಒಂದೇ: ಮೂವರೂ ಒಂದೇ ದಿನ ಒಂದೇ ಮೇಜಿನ ಮುಂದೆ ಕೂರುವುದು. ಕೊಳ್ಳುವವನು ಎರಡು ಡಿಮ್ಯಾಂಡ್ ಡ್ರಾಫ್ಟ್ ತರಲಿ, ಡೆಪಾಸಿಟಿನಷ್ಟು ಬಾಡಿಗೆಯವರ ಹೆಸರಿಗೆ, ಉಳಿದದ್ದು ತಮ್ಮನ ಹೆಸರಿಗೆ. ಸಾಮಾನು ಹಿಂದಿನ ದಿನವೇ ಟೆಂಪೋ ಹತ್ತಿರಬೇಕು, ಖಾಲಿ ಮನೆಯನ್ನು ಕೊಳ್ಳುವವನು ಕಣ್ಣಾರೆ ನೋಡಿರಬೇಕು. ಬೀಗದ ಕೈ, ಹಳೆಯ ಕರಾರಿನ ಮೂಲಪ್ರತಿ, ‘ಡೆಪಾಸಿಟ್ ಪೂರ್ತಿ ಬಂತು, ಇನ್ನು ನನ್ನದೇನೂ ಹಕ್ಕಿಲ್ಲ’ ಎಂಬ ಸಹಿ ಮೇಜಿನ ಮೇಲೆ ಬಂದ ಮೇಲೆಯೇ ಡ್ರಾಫ್ಟ್ ಕೈ ಬಿಡಬೇಕು. ಟೋಕನ್ ಹಣ ತೆಗೆದುಕೊಂಡು ‘ಮುಂದಿನ ತಿಂಗಳು ಎಬ್ಬಿಸುತ್ತೇನೆ’ ಎಂದು ಮಾತು ಕೊಡುವುದು ಬೇಡ. ಬಾಯಿಮಾತಿನ ಕರಾರಾದರೆ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಬಾಡಿಗೆಯವರ ಕಡೆಗಿದೆ ಎಂಬುದನ್ನು ತಮ್ಮನಿಗೆ ನೆನಪಿಸಿ.

ಭಾವನ ಭಯಕ್ಕೆ ಆಧಾರವಿರುವ ಮನೆಗಳೂ ಈ ಕಡೆ ಇವೆ. ಮುಂಬಯಿ, ಠಾಣೆ, ಕಲ್ಯಾಣದ ಹಳೆಯ ಪೇಟೆಗಳಲ್ಲಿ ಪಗಡಿ ಎಂಬ ಇಡಿಗಂಟು ಕೊಟ್ಟು ಕೂತ ಬಾಡಿಗೆದಾರರು ಕಟ್ಟಡ ಯಾರಿಗೆ ಮಾರಿದರೂ ಅಲ್ಲಾಡುವುದಿಲ್ಲ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ದರಕ್ಕೆ ಕಟ್ಟಿಹಾಕಿತ್ತು. ಹೀಗೆ ಹೆಪ್ಪುಗಟ್ಟಿದ ದರ ಕಾಲ ಕಳೆದಂತೆ ಅನ್ಯಾಯವಾಗಿದೆ ಎಂದು ಸುಪ್ರೀಂ ಕೋರ್ಟ್ 1997ರ ಡಿಸೆಂಬರಿನಲ್ಲಿ ಹೇಳಿತು. ಆ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ರಾಜ್ಯ. ಕಾರ್ಕಳದಲ್ಲಿ ಕೂತು ಓದುವ ನಿಮಗೆ ಆ ಹೆಸರಿನಲ್ಲಿ ನಮ್ಮ ಕರಾವಳಿ ಕಾಣದೆ ಇರದು. ಅನಂತರ ಬಂದ, ಮೇಲೆ ಹೇಳಿದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ವರ್ಷಕ್ಕೆ ಶೇಕಡಾ 4 ಏರಿಸಲು ಬಿಟ್ಟಿತು, ಪಗಡಿಯನ್ನು ಸಕ್ರಮ ಮಾಡಿತು, ಆದರೆ ಹಳೆಯ ಬಾಡಿಗೆದಾರರ ರಕ್ಷಣೆಯನ್ನು ಮುಟ್ಟಲಿಲ್ಲ. ಸಿಡ್ಕೋ ಹುಟ್ಟಿದ್ದೇ 1970ರಲ್ಲಿ, ಹಾಗಾಗಿ ನಿಮ್ಮ ಸೊಸೈಟಿಗೆ ಈ ಇತಿಹಾಸದ ಕಾಟವಿಲ್ಲ.

ತೆರಿಗೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಬಾಡಿಗೆಗೆ ಕೊಟ್ಟಿದ್ದಕ್ಕೆ ಬೇರೆ ತೆರಿಗೆ ಇಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮ ಹೆಸರಿನಲ್ಲಿದ್ದ ಮನೆಯ ಲಾಭ ದೀರ್ಘಾವಧಿಯದು. 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದರೆ ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇಕಡಾ 12.5, ಹೊಂದಾಣಿಕೆಯೊಂದಿಗೆ ಶೇಕಡಾ 20, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಾಕು. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಹಾಕಿದರೆ ವಿನಾಯಿತಿ ಇದೆ. ಮಾರಿದ ಮನೆಯಲ್ಲಿ ನೀವೇ ವಾಸವಿದ್ದಿರಬೇಕು ಎಂಬ ಷರತ್ತಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇಕಡಾ 1 ಮುರಿದು ನಿಮ್ಮ ಪ್ಯಾನ್ ಸಂಖ್ಯೆಗೆ ಕಟ್ಟುತ್ತಾರೆ. ಡೆಪಾಸಿಟ್ ಲೆಕ್ಕಕ್ಕೆ ಹಿಡಿದುಕೊಂಡ 75,000ವನ್ನೂ ಸೇರಿಸಿದ ಪೂರ್ತಿ ಬೆಲೆಯ ಮೇಲೆ ಮುರಿಯಬೇಕು, ಕೈಗೆ ಬಂದ ಮೊತ್ತದ ಮೇಲಲ್ಲ. ಹಾಗೆ ಮುರಿದದ್ದರ ಪ್ರಮಾಣಪತ್ರ ಬಂದಿದೆಯೇ ಎಂದು ನೋಡಿಕೊಳ್ಳಿ.